ಹೊಟ್ಟಿನಲ್ಲಿಟ್ಟ ಮದ್ದು

ಗೊರೇಬಾಳದ ಅಯ್ಯಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಹೊಟ್ಟಿನ ಧೂಳು ಕುಡಿದವ. ಮೂಗಿಗೊಂದು ವಸ್ತ್ರ ಕಟ್ಟಿಕೋ ಎಂದರೆ, "ನಾನೇನು ಕಳ್ಳ ಏನಲೇ?" ಎಂದು ನಗುತ್ತಿದ್ದ. ಈಗ ನಗಲಿಕ್ಕೂ ಉಸಿರು ಸಾಲದು. ಹೊರಸಿನಿಂದ ಅಂಗಳಕ್ಕೆ ಹನ್ನೊಂದು ಹೆಜ್ಜೆ. ಆರನೆಯದಕ್ಕೇ ಗೋಡೆ ಹಿಡಿಯಬೇಕು. ಬಾಗಿಲು ತೆರೆದೇ ಇತ್ತು, ಮನುಷ್ಯ ಮಾತ್ರ ತನ್ನ ಎದೆಗೂಡಿನೊಳಗೆ ಸಿಕ್ಕಿಬಿದ್ದಿದ್ದ.

ಮಗಳು ಸುರೇಖಾ ಮಸ್ಕಿಯಲ್ಲಿ ನರ್ಸ್. ಅವಳೇ ಬಿಡಿಸಿ ಹೇಳಿದ್ದಳು: "ಧೂಳು ಓಡಿಸಾಕ ಬಂದ ರಕ್ತದ ಕಣಗಳು ಈಗ ನಿನ್ನ ಪುಪ್ಪುಸಾನ ಬಡಿಯಾಕತ್ತಾವಪ್ಪ. ಬಾವು ಬಂದಲ್ಲೆಲ್ಲ ಹಳೇ ಗಾಯದಂಗ ಗಡಸಾಗಾಕತ್ತೈತಿ. ಡಾಕ್ಟರು ಬರಕೊಟ್ಟ ಈ ಮದ್ದು ಮೊದಲ ಕ್ಯಾನ್ಸರ್ ಗಡ್ಡಿಗಂತ ಬಂದದ್ದು. ಒಂದ ಗುರುತಿನ ಕಣ ಹುಡುಕಿ ಹಿಡೀತೈತಿ, ನಿನ್ನ ಬಡಿಯೋ ಕಣಕ್ಕೂ ಅದ ಗುರುತೈತಿ."

"ಸಾವಿರ ಚೀಲದಾಗ ಹಮಾಲ ಕೆಂಪು ಗುರುತಿಂದಷ್ಟ ಎತ್ತಿದಂಗ?"

"ಹ್ಞೂಂ ನೋಡು! ಗಡಸಾದದ್ದು ಮೆತ್ತಗಾಗಲ್ಲ. ಮುಂದ ಗಡಸಾಗೋದು ನಿಂತೀತು."

ನಿಂತರೆ ಸಾಕು, ಶಿವನೇ, ಎಂದಿದ್ದ ಅಯ್ಯಪ್ಪ.

ಶನಿವಾರ ಮದ್ದಿನ ಸೀಸೆ ಬಂತು. ಸೋಮವಾರ ರಾಯಚೂರಿನ ಆಸ್ಪತ್ರೆಯಲ್ಲಿ ನರಕ್ಕೆ ಏರಿಸಬೇಕು. ಸುರೇಖಾ ಅದನ್ನು ಫ್ರಿಜ್ಜಿನಲ್ಲಿಟ್ಟು, "ಬೆಚ್ಚಗಾದ್ರ ಕೆಡ್ತೈತಪ್ಪ, ಹುಷಾರು" ಎಂದು ಡ್ಯೂಟಿಗೆ ಹೋದಳು. ಭಾನುವಾರ ಬೆಳಿಗ್ಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಊರಿಗೇ ಕರೆಂಟು ಹೋಯಿತು. ಮಗಳ ಫೋನು ಹತ್ತಲಿಲ್ಲ.

ಅಯ್ಯಪ್ಪ ಗಾಬರಿಯಾದನೇ? ಛೆ! ಹೊಟ್ಟಿನಲ್ಲಿ ಹೂತ ಬರ್ಫದ ಗಡ್ಡೆ ಬೇಗ ಕರಗುವುದಿಲ್ಲವೆಂದು ಗಿರಣಿಯವರಿಗೆ ಯಾರೂ ಕಲಿಸಬೇಕಿಲ್ಲ. ಹೆಂಡತಿ ಗಾಳೆಮ್ಮನಿಂದ ಎರಡನ್ನೂ ತರಿಸಿದ. ಬರ್ಫದ ನಡುವೆ ಸೀಸೆಯಿಟ್ಟು, ಕುಲ್ಫಿ ಮಾರುವ ಶಾವಲಿಯಂತೆ ಎರಡು ಹಿಡಿ ಕಲ್ಲುಪ್ಪು ಎರಚಿದ. ಉಪ್ಪು ಬಿದ್ದರೆ ಚಳಿ ಇಮ್ಮಡಿ. ಹೊಟ್ಟು ಸುರಿಯುವಾಗ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆದರೂ ಹಿಗ್ಗು. ಎಷ್ಟೋ ದಿನದ ಮೇಲೆ ತನ್ನ ಕೈಯಿಂದ ಒಂದು ಕೆಲಸವಾಯಿತಲ್ಲ!

ಸೋಮವಾರ ಸುರೇಖಾ ಬಂದು ಸೀಸೆ ಅಲುಗಿಸಿದಳು. ಒಳಗಿನದು ಅಲುಗಲಿಲ್ಲ.

"ಹೆಂಗೈತಿ ಬೇ, ಫ್ರಿಜ್ಜಿಗಿಂತ ತಣ್ಣಗೈತಿಲ್ಲೋ?"

"ಹೆಪ್ಪುಗಟ್ಟಿದ್ರ ಇದು ಸತ್ತಂಗಪ್ಪ. ಗುರುತು ಹಿಡಿಯೋ ಅದರ ಆಕಾರನ ಮುರೀತೈತಿ."

"ಕರಗಿಸಿದ್ರ?"

ಅವಳು ತಲೆಯಾಡಿಸಿ ಅತ್ತುಬಿಟ್ಟಳು. "ನಂದ ತಪ್ಪು. ಬೆಚ್ಚಗಾಗಬಾರದು ಅಂದೆ. ಹೆಪ್ಪಾಗಬಾರದು ಅನ್ನಲಿಲ್ಲ."

ಇನ್ನೊಂದು ಸೀಸೆಗೆ ತಿಂಗಳು ಬೇಕು. ತಿಂಗಳು ತಡ ಮಾಡಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ಅಳಬ್ಯಾಡ. ನಡಿ, ರಾಯಚೂರಿಗೆ ಹೋಗಿ ಕೇಳೋಣು" ಎಂದು ಅಯ್ಯಪ್ಪ ಎದ್ದ. ಅಂಗಳದಲ್ಲಿ ಗಾಳೆಮ್ಮ ಹೊಟ್ಟು ಗುಡಿಸುತ್ತಿದ್ದಳು, ಧೂಳು ಒಳಗೆ ಬಂತು. ಅವನು ಮೂರನೆಯ ಹೆಜ್ಜೆಗೇ ಗೋಡೆ ಹಿಡಿದ.