ಬಿಳಿ ಇಲಿಗಳೂ ನೈತಿಕ ಸಮಿತಿಯ ಅತ್ತೆಯೂ

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಚಿಕ್ಕಮಗಳೂರಿನಲ್ಲಿ ಎಂ.ಫಾರ್ಮ್ ಓದುತ್ತಿದ್ದೆ. ನಮ್ಮ ಮನೆಯ ಹೊಟ್ಟೆನೋವಿನ ಕಷಾಯವನ್ನು ಬಿಳಿ ಇಲಿಗಳಿಗೆ ಕುಡಿಸಿ, ಅದರಿಂದ ಹೊಟ್ಟೆಯ ಹುಣ್ಣು ವಾಸಿಯಾಗುತ್ತದೆಂದು ತೋರಿಸಿಬಿಟ್ಟರೆ ನನಗೆ ಡಿಗ್ರಿ. ಅದಕ್ಕೆ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕಿತ್ತು. ಸಮಿತಿಯಲ್ಲಿ ವಿಜ್ಞಾನಕ್ಕೆ ಸಂಬಂಧವಿಲ್ಲದ ಹೊರಗಿನವರೊಬ್ಬರು ಇರಲೇಬೇಕೆಂದು ನಿಯಮ. ಅಂಥವರು ಯಾರಾದರೂ ಗೊತ್ತೇ ಎಂದು ಪ್ರಿನ್ಸಿಪಾಲರು ಕೇಳಿದ್ದೇ ತಡ, ಜಾವಳಿಯಲ್ಲಿ ಕಾಫಿ ತೋಟ ನೋಡಿಕೊಂಡಿದ್ದ ನನ್ನ ಸೋದರತ್ತೆಯ ಹೆಸರು ಹೇಳಿದೆ. ಸಿಪ್ಪೆ ಸುಲಿದು ಒಣಗಿಸಿಟ್ಟ ಪಾರ್ಚ್‌ಮೆಂಟ್ ಕಾಫಿಯ ಚೀಲ ಕಡಿದ ಇಲಿಯನ್ನು ದೊಣ್ಣೆ ಹಿಡಿದು ಗೋಡೌನಿನ ತುಂಬ ಅಟ್ಟಾಡಿಸಿ ಕೊಲ್ಲುವ ಹೆಂಗಸು. ಇವರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆಂದು ನನ್ನ ಲೆಕ್ಕ.

ಅತ್ತೆ ಮದುವೆಗೆ ಬರುವಂತೆ ರೇಷ್ಮೆ ಸೀರೆ ಉಟ್ಟು ಜೀಪಿನಲ್ಲಿ ಬಂದರು. ಬಂದವರು ಕೂರಲಿಲ್ಲ, ಮೊದಲು ಇಲಿಗಳ ಮನೆ ತೋರಿಸಿ ಎಂದರು. ತೋಟದ ಕೂಲಿಯವರ ಲೈನುಮನೆಗಳ ತಪಾಸಣೆ ಮಾಡಿ ಅಭ್ಯಾಸವಾದ ಕೈ. ಪಂಜರದಲ್ಲಿ ಹಾಸಿದ್ದ ಹೊಟ್ಟು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿತು. ನೀರು ಮೂಸಿದರು, ಭಾನುವಾರ ಇವಕ್ಕೆ ಊಟ ಹಾಕುವವರು ಯಾರೆಂದು ವಿಚಾರಿಸಿದರು. ಪ್ರಿನ್ಸಿಪಾಲರು ತೋಟದ ಲೆಕ್ಕ ಬರೆಯುವ ರೈಟರ್‌ನಂತೆ ಕೈಕಟ್ಟಿ ನಿಂತಿದ್ದರು.

ಮೀಟಿಂಗಿನಲ್ಲಿ ನನ್ನ ಸರದಿ ಬಂತು. ನನಗೆ ಬೇಕೆಂದು ಬರೆದಿದ್ದ ಇಲಿಗಳ ಸಂಖ್ಯೆ ಕೇಳಿದ್ದೇ ತಡ ಅತ್ತೆ, ಕೊಯ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು ಆಳು ಕೇಳುವ ಮೇಸ್ತ್ರಿಯ ಬುದ್ಧಿ ಇದು ಎಂದು ಅರ್ಧಕ್ಕೆ ಇಳಿಸಿದರು. ವಿಜ್ಞಾನಿಗಳೆಲ್ಲ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಏನು ಮಾಡುತ್ತೀಯ ಎಂದರು ಅತ್ತೆ. ಹೊಟ್ಟೆ ಕೊಯ್ದು ನೋಡಬೇಕು, ಅಟೆಂಡರ್ ಕೊಂದುಕೊಡುತ್ತಾನೆ ಎಂದೆ.

"ಅಲ್ಲ ಮಾರಾಯ, ನಮ್ಮನೆ ಇಲಿ ಕಳ್ಳವು. ಇವು ಏನ್ ಕದ್ದಿದಾವೆ?"

ಜನರ ಹೊಟ್ಟೆನೋವಿಗೆ ಔಷಧಿಯಾಗುತ್ತದಲ್ಲ ಎಂದು ತೊದಲಿದೆ.

"ಆಗ್ಲಿ, ನಾ ಬೇಡ ಅನ್ನಲ್ಲ. ಆದ್ರೆ ನಿನ್ ಕೈಯಾರೆ ನೀನೇ ಕೊಲ್ಬೇಕು. ನಾನು ಯಾವತ್ತೂ ಆಳಿನ ಕೈಲಿ ಕೊಲ್ಸಿದ್ದಿಲ್ಲ."

ಸಮಿತಿ ಅದನ್ನೇ ಷರತ್ತು ಎಂದು ಬರೆದುಕೊಂಡು ಒಪ್ಪಿಗೆ ಕೊಟ್ಟಿತು. ಅತ್ತೆ ಜೀಪು ಹತ್ತಿದ ಮೇಲೆ ನಾನು ಪಂಜರದ ಮುಂದೆ ಹೋಗಿ ನಿಂತೆ. ಒಂದು ಇಲಿ ಸರಳಿನ ಸಂದಿಯಿಂದ ಮೂತಿ ಚಾಚಿ, ಮೀಸೆ ಅಲ್ಲಾಡಿಸುತ್ತ ನನ್ನ ಬೆರಳು ಮೂಸಿತು. ನಾನು ಕೈ ಹಿಂದಕ್ಕೆಳೆದುಕೊಂಡೆ. ಮಾರನೆಯ ದಿನವೇ ಪ್ರಿನ್ಸಿಪಾಲರ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವಷ್ಟು ಗೋಗರೆದು, ಕಷಾಯ ಬಾಟಲಿಯಲ್ಲಿ ಎಷ್ಟು ದಿನ ಕೆಡದೆ ಇರುತ್ತದೆ ಎಂಬುದಕ್ಕೆ ವಿಷಯ ಬದಲಾಯಿಸಿಕೊಂಡೆ. ಬಾಟಲಿಗಳಿಗೆ ಮೀಸೆ ಇರುವುದಿಲ್ಲ.