ಹಿಂದಿನ ಸೊಲ್ಲು

ಇನ್ನೂ ಆರು ವರ್ಷ ಸರ್ವಿಸ್ ಇರುವಾಗಲೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ಲೆಕ್ಕದ ಟೀಚರ್ ಆಗಿದ್ದವಳು ನಾನು. "ಇಷ್ಟು ಬೇಗ ಯಾಕೆ ಮೇಡಂ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರು. "ಹಾಡಕ್ಕೆ" ಎಂದೆ. ನಕ್ಕರು. ನಗಲಿ, ಅವರಿಗೇನು ಗೊತ್ತು.

ತಾಳ್ಯದಲ್ಲಿರುವ ನಮ್ಮಕ್ಕ ಸೋಬಾನೆಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಾದವಳು. ಅವಳು ಬಾರದೆ ಮದುವೆ ಮನೆಯಲ್ಲಿ ಅರಿಶಿನ ಹಚ್ಚುತ್ತಿರಲಿಲ್ಲ. ನಮ್ಮಲ್ಲಿ ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಮುಂದಿನವಳು ಸೊಲ್ಲು ಎತ್ತುತ್ತಾಳೆ, ಹಿಂದಿನವಳು ಅದರ ತುದಿ ಹಿಡಿದು ತಿರುಗಿ ಹೇಳುತ್ತಾಳೆ. ಅಷ್ಟರಲ್ಲಿ ಮುಂದಿನವಳು ಉಸಿರು ತೆಗೆದುಕೊಳ್ಳುತ್ತಾಳೆ. ಲಂಗ ಹಾಕುವ ವಯಸ್ಸಿನಿಂದ ಮದುವೆಯಾಗಿ ದುರ್ಗಕ್ಕೆ ಬರುವತನಕ ಅಕ್ಕನ ಹಿಂದೆ ಹೇಳುತ್ತಿದ್ದವಳು ನಾನೇ.

ಊರಿಗೆ ಹೋದಾಗಲೆಲ್ಲ ಅವಳದು ಒಂದೇ ಮಾತು. "ಯಾವಾಗ್ ಬರ್ತೀಯ ಲೇ? ಈಗಿನ ಹುಡುಗೇರಿಗೆ ಹಿಂದೆ ಹೇಳಕ್ಕೆ ಬರಲ್ಲ. ನನ್ ಉಸಿರು ಕಟ್ತೈತೆ."

"ಈ ಸಲದ ಎಸ್ಸೆಸ್ಸೆಲ್ಸಿ ಮುಗೀಲಿ ತಡಿಯಕ್ಕ. ಬಂದು ಎಲ್ಲಾ ಬರ್ಕಳ್ತೀನಿ."

ಎಸ್ಸೆಸ್ಸೆಲ್ಸಿ ಪ್ರತಿ ವರ್ಷವೂ ಇರುತ್ತದೆಂಬುದು ಲೆಕ್ಕದ ಟೀಚರಿಗೇ ಹೊಳೆಯಲಿಲ್ಲ. ಕೊನೆಗೂ ಅರ್ಜಿ ಕೊಟ್ಟೆ. ಆದೇಶ ಕೈಗೆ ಬರುವಷ್ಟರಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು.

ಬೀಳ್ಕೊಡುಗೆಯ ಶಾಲು ಹೊದಿಸಿದ ಮಾರನೆಯ ದಿನವೇ ಇನ್ನೂರು ಪುಟದ ನೋಟ್‌ಬುಕ್ ಹಿಡಿದು ತಾಳ್ಯದ ಬಸ್ಸು ಹತ್ತಿದೆ. ಅವಳಿಗೆ ಮಾತು ಬಾರದಿದ್ದರೇನು, ಹಾಡೆಲ್ಲ ನನಗೆ ಬರುತ್ತವಲ್ಲ, ನಾನು ಬರೆದು ಓದಿದಾಗ ಅವಳು ತಲೆಯಾಡಿಸಿದರೆ ಸಾಕು ಎಂಬ ಧೈರ್ಯವಿತ್ತು. ಅವಳ ಮಂಚದ ಪಕ್ಕ ಕುಳಿತು ಅರಿಶಿನದ ಹಾಡು ಶುರು ಮಾಡಿದೆ. "ಹಂದರದಾಗೆ ನಿಂತಾಳೆ" ಎಂಬ ತುದಿ ಬಂತು, ಪುಟದ ಬಲಗಡೆ ಬರೆದುಕೊಂಡೆ. ಯಾರು ನಿಂತಾಳೆ? ಗೊತ್ತಿಲ್ಲ. ಇನ್ನೊಂದು ಹಾಡು ಹಿಡಿದೆ, ಅದರದೂ ತುದಿಯೇ. ಮಧ್ಯಾಹ್ನದವರೆಗೆ ತಿಣುಕಿದರೂ ಒಂದು ಹಾಡಿಗೂ ತಲೆ ಸಿಗಲಿಲ್ಲ. ಇಷ್ಟು ವರ್ಷ ಹಾಡು ಬರುತ್ತದೆ ಎಂದು ಬೀಗುತ್ತಿದ್ದೆನಲ್ಲ, ನನಗೆ ಬರುತ್ತಿದ್ದದ್ದು ಹಿಂದಿನ ಸೊಲ್ಲು ಮಾತ್ರ. ನನ್ನ ಮೇಲೇ ಸಿಟ್ಟು ಬಂದು ಅವಳೆದುರೇ ಅತ್ತುಬಿಟ್ಟೆ.

ಕಾಫಿ ತಂದ ಅಕ್ಕನ ಸೊಸೆ ನೋಟ್‌ಬುಕ್ ಇಣುಕಿ ನೋಡಿದಳು. "ಎಡಗಡೆ ಎಲ್ಲಾ ಖಾಲಿ ಬಿಟ್ಟೀರಲ್ಲ ಚಿಕ್ಕತ್ತೆ?"

"ಅದು ನಿಮ್ಮತ್ತೆ ಹೇಳೋ ಜಾಗ ಕಣವ್ವ."

ಅಕ್ಕ ಎಡಗೈಯಿಂದ ನನ್ನ ಸೆರಗು ಜಗ್ಗಿದಳು. ಸೊಟ್ಟಗಾದ ಬಾಯಿ ತೆರೆದು "ಆ..." ಎಂದು ಎತ್ತಿದಳು. ಅರಿಶಿನದ ಹಾಡಿನ ರಾಗವೇ. ಒಂದು ಅಕ್ಷರವೂ ಇಲ್ಲ. ಅವಳು ನಿಲ್ಲಿಸಿದ ಕಡೆ ನಾನು ತುದಿ ಹಿಡಿದು ಹೇಳಿದೆ. ಅವಳು ಉಸಿರು ತೆಗೆದುಕೊಂಡು ಮತ್ತೆ ಎತ್ತಿದಳು.

ಈಗ ದಿನವೂ ಹೀಗೇ ಹಾಡುತ್ತೇವೆ. ನನಗೆ ಬೇಕಾದಷ್ಟು ಬಿಡುವಿದೆ. ಹಂದರದಲ್ಲಿ ಯಾರು ನಿಂತಿದ್ದಳೆಂದು ಮಾತ್ರ ಇನ್ನು ನನಗೆ ಗೊತ್ತಾಗುವುದಿಲ್ಲ.