ಹಾಡಿಗೆ ತುಟಿಯಿಲ್ಲ

ತಂತಿಗಳಲ್ಲಿ ಏನೂ ದೋಷವಿರಲಿಲ್ಲ. ನನ್ನ ಮಗನ ಕಿವಿ ಮಂದವಾಗಿತ್ತು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಒಂದು ವರ್ಷ ಬಾಯಿ ಬಿಡಲಿಲ್ಲ. ನಡೆದದ್ದು ಇಷ್ಟೇ.

ಚಳ್ಳಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಮಗ ತಿಪ್ಪೇಶ ಹಾಡು ಕೇಳುವುದಕ್ಕೆಂದೇ ಒಂದೊಂದಾಗಿ ಕೂಡಿಸಿಟ್ಟ ಸಾಮಾನುಗಳಿವೆ: ನನ್ನ ಎದೆಯೆತ್ತರದ ಎರಡು ಸ್ಪೀಕರು, ಮುಟ್ಟಿದರೆ ಬೆಚ್ಚಗಿರುವ ಆಂಪ್ಲಿಫೈಯರು, ಅವುಗಳ ನಡುವೆ ಹರಿದಾಡುವ ತಂತಿಗಳು. ಶೇಂಗಾ ಎಣ್ಣೆ ಮಿಲ್ಲು ನಡೆಸುವವನಿಗೆ ಇದೆಂಥ ಹುಚ್ಚು ಎಂದು ಓಣಿಯವರು ಆಡಿಕೊಂಡರೂ ನಾನು ಆಡಿಕೊಳ್ಳಲಿಲ್ಲ. ಹಗಲೆಲ್ಲ ಯಂತ್ರದ ಅಬ್ಬರದ ಪಕ್ಕ ನಿಂತವನಿಗೆ ಸಂಜೆ ಒಂದು ಒಳ್ಳೆಯ ದನಿ ಕೇಳಬೇಕೆನಿಸಿದರೆ ಅದರಲ್ಲೇನು ತಪ್ಪು, ನೀವೇ ಹೇಳಿ. ಕುಡಿದು ಬೀಳುವವರಿಗಿಂತ ವಾಸಿಯಲ್ಲವೇ.

ಹೋದ ವರ್ಷದ ಯುಗಾದಿಯ ಸುಮಾರಿಗೆ ಅವನಿಗೆ ಹಾಡು ಮಂಕಾಗತೊಡಗಿತು. ಸ್ಪೀಕರಿನ ತಂತಿ ಸರಿಯಿಲ್ಲವೆಂದು ಅದನ್ನು ಬದಲಿಸಿದ. ಆಮೇಲೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವ ತಂತಿ, ಕೊನೆಗೆ ಗೋಡೆಯಿಂದ ಕರೆಂಟು ತರುವ ತಂತಿ. ಕೊರಿಯರಿನಲ್ಲಿ ಬಂದ ಒಂದೊಂದೂ ಕೇರೆಹಾವಿನಷ್ಟು ದಪ್ಪ, ಮೇಲೆ ನೇಯ್ದ ಬಟ್ಟೆಯ ಹೊದಿಕೆ. ನನ್ನ ಓದು ಮೂರನೇ ಕ್ಲಾಸಿಗೆ ನಿಂತರೂ ನೇಯ್ಗೆ ಗೊತ್ತು. ಬೆರಳಲ್ಲಿ ಸವರಿ ನೋಡಿದೆ, ಒಂದು ಎಳೆಯೂ ತಪ್ಪಿರಲಿಲ್ಲ.

ಅವನು ಯಾವಾಗಲೂ ಹಾಕುವ ಒಂದು ಹಾಡಿನಲ್ಲಿ, ಹಾಡುವವಳ ದನಿಯ ಹಿಂದೆ ಎಲ್ಲೋ ದೂರದಲ್ಲಿ ಸಣ್ಣಗೆ ಗೆಜ್ಜೆ ಕೇಳುತ್ತದೆ. ಪ್ರತಿ ಸಲ ತಂತಿ ಬದಲಿಸಿದಾಗಲೂ ನನ್ನನ್ನು ಕರೆದು ಕೂರಿಸುತ್ತಿದ್ದ.

"ಅವ್ವ, ಈಗ ಹೇಳು, ಗೆಜ್ಜೆ ಕೇಳಿಸ್ತೈತಾ?"

"ಕೇಳಿಸ್ತೈತಪ್ಪ."

"ಮೊದ್ಲಿಗಿಂತ ಚಂದ ಐತಾ?"

"ಐತೆ" ಅನ್ನುತ್ತಿದ್ದೆ.

"ನಂಗಿನ್ನೂ ಸರಿಯಾಗಿ ಬರ್ತಿಲ್ಲ. ಹೊಸ ತಂತಿ ಅಲ್ವಾ, ಪಳಗೋಕೆ ಒಂದಿಷ್ಟು ದಿನ ಹಿಡೀತೈತಂತೆ."

"ಪಳಗೋಕೆ ಅದೇನು ಹೋರಿ ಕರುನಾ?"

ಅವನು ನಗುತ್ತಿದ್ದ, ನನ್ನ ಬಾಯನ್ನೇ ನೋಡುತ್ತಾ. ಆ ನೋಟವೇ ಎಲ್ಲರನ್ನೂ ಮೋಸಗೊಳಿಸಿದ್ದು.

ಅವನು ಹುಟ್ಟಿ ಬೆಳೆದದ್ದು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ. ಒಂದೇ ಕೋಣೆಯಲ್ಲಿ ಮೂರು ಮಗ್ಗ. ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು ಬೆಳಗಿನಿಂದ ಬೈಗಿನವರೆಗೆ ನಿಲ್ಲದ ಆ ಕೋಣೆಯಲ್ಲಿ ಮಾತು ಕಿವಿಗೆ ಬೀಳುವುದಿಲ್ಲ, ಅದನ್ನು ತುಟಿಯಲ್ಲಿ ನೋಡಿಯೇ ತಿಳಿಯಬೇಕು. ನೀರು ಕೊಡು, ಎಳೆ ಹರಿಯಿತು, ಸಾಹುಕಾರ ಬಂದ, ಎಲ್ಲವೂ ತುಟಿಯಲ್ಲೇ. ಅಲ್ಲಿ ನಮ್ಮ ಓಣಿಯ ಅರ್ಧ ಮಾತು ತೆಲುಗು. ತಿಪ್ಪೇಶ ತೊದಲುವ ವಯಸ್ಸಿಗೇ ಎರಡೂ ಭಾಷೆಯನ್ನು ತುಟಿಯಲ್ಲಿ ಓದುತ್ತಿದ್ದ. ಮಿಲ್ಲಿನ ಗದ್ದಲದಲ್ಲೂ ಆಳುಗಳ ಮಾತು ದೂರದಿಂದಲೇ ತಿಳಿಯುವವನೆಂದು ಅವನಿಗೆ ಹೆಸರು. ಹೀಗಾಗಿ ಕಿವಿ ಕೈಕೊಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ಹಾಡಿಗೆ ಮಾತ್ರ ತುಟಿಯಿಲ್ಲ. ಅದೊಂದೇ ಅವನಿಗೆ ನಿಜ ಹೇಳುತ್ತಿತ್ತು, ಅವನು ತಂತಿಯನ್ನು ಬೈದ.

ನನಗೆ ಗೊತ್ತಾದದ್ದು ಅದೇ ಯುಗಾದಿಯ ದಿನ. ಬೇವುಬೆಲ್ಲ ಹಿಡಿದು ಅವನ ಬೆನ್ನ ಹಿಂದೆ ನಿಂತು ಮೂರು ಸಲ ಕರೆದೆ, ತಿರುಗಲಿಲ್ಲ. ಮುಂದೆ ಹೋಗಿ ನಿಂತೆ, ನಕ್ಕು ಕೈಚಾಚಿದ. ಕೊಟ್ಟು ಸುಮ್ಮನಾದೆ.

ನೇಕಾರರ ಮನೆಯಲ್ಲಿ ನೇಯ್ಗೆ ತಪ್ಪಿ ಸೀರೆಯಲ್ಲಿ ಗೆರೆ ಬಿದ್ದರೆ ಮೊದಲು ನೂಲಿಗೆ ಬೈಗುಳ, ಆಮೇಲೆ ಬಣ್ಣ ಹಾಕಿದವನಿಗೆ. ಕಣ್ಣಿನ ಸುದ್ದಿ ಯಾರೂ ಎತ್ತುವುದಿಲ್ಲ, ಕಣ್ಣು ಹೋಯಿತೆಂದರೆ ಮಗ್ಗವೂ ಹೋದಂತೆ. ನಮ್ಮ ಯಜಮಾನರು ಕಡೆಕಡೆಗೆ ಹರಿದ ಎಳೆ ಕಾಣದೆ ನೇಯುತ್ತಾ ಹೋಗುತ್ತಿದ್ದರು. "ನೂಲೇ ಸರಿಯಿಲ್ಲ ಕಣೆ" ಎಂದು ಅಂಗಡಿ ಬದಲಿಸಿದರು. ಅವರು ಊಟಕ್ಕೆ ಎದ್ದಾಗ ನಾನು ಮಗ್ಗದ ಗುಂಡಿಗಿಳಿದು, ತಪ್ಪಿದ ಎಳೆಗಳನ್ನು ಗಂಟು ಹಾಕಿ, ಏನೂ ಅರಿಯದವಳಂತೆ ಬಂದು ಮುದ್ದೆ ಬಡಿಸುತ್ತಿದ್ದೆ. ಹೆಂಡತಿ ಎಂದರೆ ಹಾಗಿರಬೇಕು ಅಂದುಕೊಂಡಿದ್ದೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಒಂದು ಕಣ್ಣು ಪೂರ್ತಿ ಹೋಗಿತ್ತು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರು ಕೇಳಿದ್ದು ಅವರನ್ನು. ನಾನು ಪಕ್ಕದಲ್ಲೇ ನಿಂತಿದ್ದೆ.

ಅಷ್ಟಾದ ಮೇಲೂ ಮಗನ ವಿಷಯದಲ್ಲಿ ಅದನ್ನೇ ಮಾಡಿದೆನಲ್ಲ. ಪ್ರೀತಿಯಿಂದ ಮುಚ್ಚಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಹೆದರಿ ಮುಚ್ಚಿಟ್ಟೆ. ಕಿವುಡನ ಜೊತೆ ಜನ ಮೊದಲು ಕೂಗಿ ಮಾತಾಡುತ್ತಾರೆ, ಆಮೇಲೆ ಕೈಸನ್ನೆ ಮಾಡುತ್ತಾರೆ, ಆಮೇಲೆ ಅವನನ್ನು ಬಿಟ್ಟು ತಮ್ಮತಮ್ಮಲ್ಲೇ ನಗುತ್ತಾರೆ. ನಾನೂ ಹಾಗೆ ನಕ್ಕವಳೇ.

ಒಂದು ಶನಿವಾರ ಮಿಲ್ಲಿನ ಅಂಗಳದಲ್ಲಿ ಹಿಂದೆ ಸರಿಯುತ್ತಿದ್ದ ಲಾರಿಯ ಹಾರನ್ನು ಅವನಿಗೆ ಕೇಳಿಸಲಿಲ್ಲ. ಹಮಾಲರು ಎಳೆದುಕೊಳ್ಳದಿದ್ದರೆ ಚಕ್ರದ ಕೆಳಗಿರುತ್ತಿದ್ದ. ಮನೆಗೆ ಬಂದು "ಆ ಲಾರಿ ಹಾರನ್ನೇ ಸರಿಯಿಲ್ಲವ್ವ" ಎಂದು ನಕ್ಕ.

ಮರುದಿನ ಮಧ್ಯಾಹ್ನ ಅವನು ಎಲ್ಲ ತಂತಿಗಳನ್ನೂ ಕಿತ್ತು ಸುತ್ತ ಹರಡಿಕೊಂಡು ಕೂತಿದ್ದ. ಎದುರಿಗೆ ಹೋಗಿ, ಬಾಯಿಗೆ ಸೆರಗು ಅಡ್ಡ ಹಿಡಿದು, "ಇನ್ಮೇಲೆ ಮಿಲ್ಲಿಗೆ ಒಬ್ನೇ ಹೋಗಬ್ಯಾಡ" ಎಂದೆ.

"ಏನವ್ವ? ಸೆರಗು ತೆಗೆದು ಮಾತಾಡು."

ಸೆರಗು ತೆಗೆಯಲಿಲ್ಲ. ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ಒಳಗೆ ಒಲೆಯ ಮುಂದಿದ್ದ ಸೊಸೆ ಸರೋಜ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಯಾಕತ್ತೆ, ಮಿಲ್ಲಿಗೆ ಒಬ್ರೇ ಯಾಕೆ ಹೋಗಬಾರ್ದು?"

ತಿಪ್ಪೇಶ ಅವಳ ಬಾಯಿ ನೋಡಿದ. ಆಮೇಲೆ ನನ್ನ ಸೆರಗು ನೋಡಿದ. ಅಡುಗೆಮನೆಗೆ ಕೇಳಿಸಿದ್ದು ಎದುರಿಗೇ ಕೂತಿದ್ದ ತನಗೆ ಕೇಳಿಸಿಲ್ಲ ಎಂಬುದು ಅವನ ಮುಖದಲ್ಲಿ ಮೆಲ್ಲಗೆ ಇಳಿಯಿತು. ಕೈಯಲ್ಲಿದ್ದ ತಂತಿಯನ್ನು ನೆಲಕ್ಕಿಟ್ಟ.

"ಯಾವಾಗಿಂದ ಗೊತ್ತು ನಿಂಗೆ?"

ಸೆರಗು ತೆಗೆದೆ. "ಹೋದ ಯುಗಾದಿಯಿಂದ."

"ಮತ್ತೆ ಗೆಜ್ಜೆ?"

"ಹಳೇ ತಂತೀಲೂ ಕೇಳಿಸ್ತಿತ್ತು."

"ಎಲ್ಲಾ ತಂತೀಲೂ?"

"ಎಲ್ಲಾ ತಂತೀಲೂ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಕಡೆ ತಿರುಗಿ ಕೂತ. ಹಾಗೆ ಕೂತವನನ್ನು ಕರೆದು ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಹಿಂದಿನಿಂದ ಕರೆಯುತ್ತಲೇ ಇದ್ದೆ.

ಮಾರನೆಯ ಬೆಳಿಗ್ಗೆ ಮಿಲ್ಲಿನ ಬೀಗದಕೈ ಸರೋಜಳಿಗೆ ಕೊಟ್ಟು, ಅವನ ರಟ್ಟೆ ಹಿಡಿದು ಚಿತ್ರದುರ್ಗದ ಬಸ್ಸು ಹತ್ತಿಸಿದೆ. ಕಿವಿಯ ಡಾಕ್ಟರು ಚೀಟಿಯ ಮೇಲೆ ಬಗ್ಗಿ ಬರೆಯುತ್ತಾ, "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು. ತಿಪ್ಪೇಶನಿಗೆ ತಿಳಿಯಲಿಲ್ಲ, ನನ್ನ ಕಡೆ ತಿರುಗಿದ. ನಾನು ಮುಖವನ್ನು ಅವನಿಗೆ ಕಾಣುವಂತೆ ಇಟ್ಟುಕೊಂಡು ಡಾಕ್ಟರಿಗೆ ಹೇಳಿದೆ:

"ಒಂದು ವರ್ಷ ಆತು ಸ್ವಾಮಿ. ಇವ್ನಿಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು."